ಹಿತ್ತಾಳೆ ಕೊಳವೆಯ ಮಾತು

ಗಂಡ ಕಬ್ಬಿಣದ ಬಾಗಿಲಿಗೆ ಹಣೆ ಬಡಿದುಕೊಂಡಿದ್ದಕ್ಕೆ ತಾನೇ ಕಾರಣ ಎಂದು ಅವಳಿಗೆ ಆ ಕ್ಷಣದಲ್ಲೇ ಗೊತ್ತಾಗಿತ್ತು. ಆದರೂ ಎಲ್ಲರೆದುರು ಅವರನ್ನೇ ಗದರಿದಳು. "ನೋಡ್ಕೊಂಡು ಬರಬಾರ್ದೇನ್ರೀ?"

ಯುದ್ಧಗಳನ್ನೆಲ್ಲ ಮುಗಿಸಿದ ಆ ಹಡಗು ಈಗ ದಡಕ್ಕೆ ಕಟ್ಟಿಸಿಕೊಂಡು ಮ್ಯೂಸಿಯಂ ಆಗಿತ್ತು. ನೋಡಲು ಬಂದ ಇವರಿಬ್ಬರೂ ನಿವೃತ್ತರೇ. ಗಂಡ ಮುದ್ರಣಾಲಯದ ಯಂತ್ರಗಳ ಪಕ್ಕ ನಿಂತು ನಿಂತು ಕಿವಿ ಕಳೆದುಕೊಂಡವರು. ಅವಳು ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೂತು ಊರವರ ಮಾತನ್ನೆಲ್ಲ ಊರವರಿಗೆ ಮುಟ್ಟಿಸಿದವಳು. ದೀಪದ ಬುಡದಲ್ಲೇ ಕತ್ತಲೆ ಅನ್ನುತ್ತಾರಲ್ಲ, ಹಾಗೆ ಕಟ್ಟಿಕೊಂಡ ಗಂಡನಿಗೆ ಮಾತ್ರ ಒಂದು ಮಾತನ್ನೂ ಪೂರ್ತಿ ಮುಟ್ಟಿಸುತ್ತಿರಲಿಲ್ಲ. ಕಿವಿಯ ಮಿಷನ್ನು ಗುಂಪಿನಲ್ಲಿ ಕುಯ್ಯೆನ್ನುತ್ತದೆಂದು ಅವರು ತೆಗೆದು ಜೇಬಿಗೆ ಹಾಕಿಬಿಡುತ್ತಿದ್ದರು. ಹೇಳಿದ್ದನ್ನೇ ಕೂಗಿ ಕೂಗಿ ಹೇಳಿ ಅವಳಿಗೆ ಗಂಟಲಿಗಿಂತ ಮನಸ್ಸು ಸೋತಿತ್ತು.

ಬೆಳಿಗ್ಗೆ ಹಡಗು ಹತ್ತುವಾಗ ಗೈಡು ಇದೇ ಬಾಗಿಲುಗಳ ಬಗ್ಗೆ ಏನೋ ತಮಾಷೆ ಮಾಡಿದ್ದ. ಎಲ್ಲರೂ ಗೊಳ್ಳೆಂದು ನಕ್ಕಾಗ ಅವರೂ ಅರ್ಧ ನಕ್ಕು, "ಏನಂತೆ?" ಎಂದು ಅವಳ ಮುಖ ನೋಡಿದ್ದರು.

"ಏನಿಲ್ಲ ಬಿಡಿ" ಎಂದಿದ್ದಳು.

ಮನೆಯಲ್ಲೂ ಅಷ್ಟೇ. ಮಗಳು ಫೋನಿನಲ್ಲಿ ಗಂಟೆಗಟ್ಟಲೆ ಹರಟಿದ್ದು ಅವರ ಪಾಲಿಗೆ "ಚೆನ್ನಾಗಿದ್ದಾಳಂತೆ" ಎಂಬಲ್ಲಿಗೆ ಮುಗಿಯುತ್ತಿತ್ತು. ಅವರು ತಲೆಯಾಡಿಸಿ ಪೇಪರು ಹಿಡಿಯುತ್ತಿದ್ದರು.

ಹಡಗಿನ ಮೇಲಿನ ಕೋಣೆಯಲ್ಲಿ, ಚುಕ್ಕಾಣಿಯ ಪಕ್ಕ, ಹಿತ್ತಾಳೆಯ ಕೊಳವೆಯೊಂದು ಬಾಯ್ತೆರೆದು ನಿಂತಿತ್ತು. ಕ್ಯಾಪ್ಟನ್ ಇಲ್ಲಿ ಹೇಳಿದ್ದು ತಳದ ಎಂಜಿನ್ ಕೋಣೆಗೆ ಕೇಳುತ್ತಿತ್ತಂತೆ. ಬಂದವರೂ ಮಾತಾಡಿ ನೋಡಬಹುದು ಎಂದು ಬೋರ್ಡಿತ್ತು. ಹಣೆಯ ಬುಗುಟು ಸವರಿಕೊಳ್ಳುತ್ತಿದ್ದವರ ಮುಖ ಅರಳಿತು.

"ನೀನು ಕೆಳಗೆ ಹೋಗಿ ಏನಾದ್ರೂ ಹೇಳೇ. ನಾನು ಇದಕ್ಕೆ ಕಿವಿ ಅಂಟಿಸಿಕೊಂಡಿರ್ತೀನಿ, ಕೇಳುತ್ತಾ ನೋಡೋಣ."

"ಪಕ್ಕದಲ್ಲಿ ನಿಂತು ಕೂಗಿದ್ರೇ ಕೇಳಲ್ಲ, ಇನ್ನು ಅಲ್ಲಿಂದ" ಎಂದು ಗೊಣಗುತ್ತ, ಮಂಡಿ ಹಿಡಿದುಕೊಂಡು, ಅವಳು ಕಡಿದಾದ ಕಬ್ಬಿಣದ ಏಣಿ ಇಳಿದಳು.

ಕೆಳಗೆ ಹಳೇ ಎಣ್ಣೆಯ ವಾಸನೆ, ಸೆಖೆ. ಕೊಳವೆಯ ಬಾಯಿ ಅವಳ ಮುಖದ ಮಟ್ಟಕ್ಕೇ ಇತ್ತು. ಹೇಗೂ ಕೇಳಿಸುವುದಿಲ್ಲವಲ್ಲ ಎಂಬ ಧೈರ್ಯದಲ್ಲಿ, ದಿನಾ ಅಡುಗೆಮನೆಯಲ್ಲಿ ಗೊಣಗುವ ಹಾಗೆಯೇ ಅಂದಳು: "ಈ ಕಿವುಡು ಮನುಷ್ಯನ್ನ ಕಟ್ಕೊಂಡು ಊರೂರು ತಿರುಗೋ ಬದಲು ಒಬ್ಬಳೇ ಬಂದಿದ್ರೆ ಹಾಯಾಗಿರ್ತಿತ್ತು."

ಲೈನು ತೆರೆದಿರುವಾಗ ಬಾಯಿ ಭದ್ರ ಎಂದು ಎಕ್ಸ್‌ಚೇಂಜಿಗೆ ಹೊಸದಾಗಿ ಬಂದವರಿಗೆಲ್ಲ ಪಾಠ ಹೇಳುತ್ತಿದ್ದವಳು ಇವಳೇ.

ಕೊಳವೆಯಿಂದ ಅವರ ಧ್ವನಿ ಪಕ್ಕದಲ್ಲೇ ನಿಂತು ಮಾತಾಡಿದಷ್ಟು ಸ್ಪಷ್ಟವಾಗಿ ಬಂತು.

"ಕೇಳಿಸ್ತು ಕಣೇ."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

"ಎಲ್ಲಾನೂ ಕೇಳಿಸ್ತು. ನಿನ್ನ ಧ್ವನಿ ಇಷ್ಟು ಮೆತ್ತಗಿದೆ ಅನ್ನೋದೇ ನಂಗೆ ಮರೆತುಹೋಗಿತ್ತು." ಅವರೇ ಮುಂದುವರಿಸಿದರು, "ಇನ್ನೊಂಚೂರು ಮಾತಾಡು. ಬೈದ್ರೂ ಪರವಾಗಿಲ್ಲ."

ನಾಚಿಕೆಯಿಂದ ಅವಳಿಗೆ ನೆಲ ಬಾಯಿಬಿಡಬಾರದೇ ಅನ್ನಿಸಿತು. ಬೈಗುಳವಾದರೂ ಸರಿ, ಒಂದು ಮಾತು ಬೇಕು ಅನ್ನುವಷ್ಟು ಹಸಿದಿದ್ದರು ಅವರು. ಹಸಿವಿನಲ್ಲಿಟ್ಟವಳು ತಾನು.

"ಬೆಳಿಗ್ಗೆ ಎಲ್ಲರೂ ನಕ್ಕರಲ್ಲ, ಯಾಕೆ ಗೊತ್ತಾ?" ಎಂದು ಕೇಳಿದಳು. "ಈ ಹಡಗಲ್ಲಿ ಶತ್ರುಗಳ ಗುಂಡಿಗೆ ಬಿದ್ದೋರಿಗಿಂತ ಬಾಗಿಲಿಗೆ ತಲೆ ಕೊಟ್ಟು ಬಿದ್ದೋರೇ ಜಾಸ್ತಿಯಂತೆ. ಬಗ್ಗಿ ನಡೀರಿ ಅಂದ ಗೈಡು."

ಮೇಲಿನಿಂದ ನಗು ಇಳಿದು ಬಂತು. ಬೆಳಿಗ್ಗೆ ನಗಬೇಕಾಗಿದ್ದ ನಗು. "ಆಗಲೇ ಹೇಳಿದ್ರೆ ನನ್ನ ಹಣೆ ಉಳೀತಿತ್ತಲ್ಲೇ."

ಅವರು ಸಿಟ್ಟಾಗಿದ್ದರೆ ತಡೆದುಕೊಳ್ಳುತ್ತಿದ್ದಳು. ಆ ನಗುವೇ ಅವಳನ್ನು ಚುಚ್ಚಿತು. ಹಿಂದೆ ಸರದಿಗೆ ಕಾಯುತ್ತಿದ್ದವರು ಯಾರೋ ಕೆಮ್ಮಿದರು. ಮೇಲೆ ಹೋದರೆ ಮತ್ತೆ ಎಲ್ಲವನ್ನೂ ಕೂಗಿಯೇ ಹೇಳಬೇಕು. ಆದರೆ ಈಗ ಬಾಯಿಗೆ ಬಂದದ್ದು ಕೂಗಿ ಹೇಳುವ ಮಾತಲ್ಲ.

ಅವಳು ತುಟಿಯನ್ನು ಹಿತ್ತಾಳೆಗೆ ತಾಗುವಷ್ಟು ಹತ್ತಿರ ತಂದು, ಮೆಲ್ಲಗೆ, "ತಪ್ಪಾಯ್ತು ರೀ" ಎಂದಳು.