ಒಂದೇ ಪಾರ್ಸೆಲ್ಲಿನ ಪ್ರೋಗ್ರಾಮು

ಶಿರಸಿ, ಸಿದ್ದಾಪುರ, ಯಲ್ಲಾಪುರ ಮೂರೂ ತಾಲೂಕಿನ ಕಂಪ್ಯೂಟರುಗಳು ಸೇರಿ ಸಭೆ ನಡೆಸಿ, ತಮ್ಮನ್ನು ಅತಿ ಹೆಚ್ಚು ಗೋಳು ಹೊಯ್ದುಕೊಂಡವನು ಯಾರೆಂದು ಮತ ಹಾಕಿದ್ದರೆ ಉಲ್ಲಾಸ ಅವಿರೋಧವಾಗಿ ಆರಿಸಿ ಬರುತ್ತಿದ್ದ. ತಾನು ಡೇಟಾಬೇಸನ್ನು ತಾಯಿಯ ಹೊಟ್ಟೆಯಲ್ಲಿದ್ದಾಗಲೇ ಕಲಿತು ಬಂದವನೆಂದು ಅವನ ನಂಬಿಕೆ. ಶಿರಸಿಯ ಮಹಡಿಯೊಂದರ ಮೇಲಿದ್ದ ಅವನ ಆಫೀಸು ಎಷ್ಟು ಚಿಕ್ಕದೆಂದರೆ, ಅವನು ತನ್ನ ಬಗ್ಗೆ ಮಾತಾಡಲು ಶುರುಮಾಡಿದರೆ ಜಾಗ ಸಾಲದೆ, ಅಲ್ಲಿ ಕೆಲಸಕ್ಕಿದ್ದ ಒಬ್ಬಳೇ ಒಬ್ಬಳು ರಕ್ಷಿತಾ ಲ್ಯಾಪ್‌ಟಾಪ್ ಎತ್ತಿಕೊಂಡು ಮೆಟ್ಟಿಲ ಮೇಲೆ ಹೋಗಿ ಕೂರುತ್ತಿದ್ದಳು.

ಆ ಸೋಮವಾರ ಬೆಳಿಗ್ಗೆ ಒಂಬತ್ತೂವರೆಗೆ ಈ ಮಹಾನುಭಾವ ರಕ್ಷಿತಾಳನ್ನೂ ಕರೆದುಕೊಂಡು ಬಂದು ಹನೀಫನ ಪಾರ್ಸೆಲ್ ಆಫೀಸಿನಲ್ಲಿ ಬೆವರು ಒರೆಸಿಕೊಳ್ಳುತ್ತ ಕೂತಿದ್ದ. ಹನೀಫನ ವ್ಯಾನು ದಿನಾ ಹನ್ನೊಂದಕ್ಕೆ ಯಲ್ಲಾಪುರ, ನಂದೊಳ್ಳಿ ಕಡೆ ಹೊರಡುತ್ತದೆ. ಅವತ್ತು ಪಂಪಿನ ಬಿಡಿಭಾಗ, ಕನ್ನಡಕ, ದನದ ಲಸಿಕೆ ಎಲ್ಲ ಸೇರಿ ಅರವತ್ತೆರಡು ಪಾರ್ಸೆಲ್. ಪ್ರೋಗ್ರಾಮು ಮಾಡಬೇಕಾದ್ದು ಇಷ್ಟೇ: ಪಟ್ಟಿಯಿಂದ ಒಂದೊಂದೇ ಪಾರ್ಸೆಲ್ ಓದಿ, ಅದಕ್ಕೆ ನಂಬರಿನ ಚೀಟಿ ಮುದ್ರಿಸಿ, ‘ವ್ಯಾನಿಗೆ ಏರಿತು’ ಎಂದು ಗುರುತು ಹಾಕುವುದು. ಮೊದಲನೆಯದರ ಚೀಟಿ ಚೆಂದವಾಗಿ ಬಂತು. ಎರಡನೆಯದಕ್ಕೆ ಹೋಗುವಾಗ ಪರದೆಯ ಮೇಲೆ ಕೆಂಪು ಅಕ್ಷರ ಮೂಡಿತು: ಕರ್ಸರ್ ಮುಚ್ಚಿದೆ.

“ಉಲ್ಲಾಸ ಅವ್ರೆ, ನಂದು ಒಂದೇ ಮಾತು” ಎಂದ ಹನೀಫ್. ಅವನು ಪಾರ್ಸೆಲ್ ವ್ಯಾನಿನವರ ಸಂಘದ ಅಧ್ಯಕ್ಷನೂ ಹೌದು. “ಇವತ್ತು ಹನ್ನೊಂದರ ವ್ಯಾನು ನಿಮ್ಮ ಚೀಟಿ ಹಚ್ಕೊಂಡು ಹೋದ್ರೆ ಸಂಘದ ಹದಿನಾಲ್ಕೂ ಆಫೀಸಿಗೆ ನಿಮ್ದೇ ಪ್ರೋಗ್ರಾಮು. ಹೋಗ್ಲಿಲ್ಲ ಅಂದ್ರೆ ಇಲ್ಲಿರೋದೂ ಎತ್ಕೊಂಡು ಹೋಗಿ.”

ಹದಿನಾಲ್ಕೂ ಆಫೀಸು ತನ್ನದಾಯಿತೆಂದು ಉಲ್ಲಾಸ ಹೋದ ತಿಂಗಳೇ ಕಂಡಕಂಡವರಿಗೆಲ್ಲ ಹೇಳಿ ಮುಗಿಸಿದ್ದ. ‘ಮೂರು ತಾಲೂಕಿನ ಸಾರಿಗೆ ತಂತ್ರಜ್ಞ’ ಎಂದು ಸಾವಿರ ಕಾರ್ಡು ಅಚ್ಚು ಹಾಕಿಸಿಯೂ ಆಗಿತ್ತು.

ಅಲ್ಲಿಂದ ಶುರುವಾಯಿತು ನೋಡಿ ಅವನ ದುರಸ್ತಿ. ಪ್ರಿಂಟರಿನ ವೈರು ಕಿತ್ತು ಊದಿ ಸಿಕ್ಕಿಸಿದ. ಕಂಪ್ಯೂಟರನ್ನು ಏಳು ಸಲ ಆರಿಸಿ ಹೊತ್ತಿಸಿದ. ವೈರಸ್ ಇರಬೇಕೆಂದು ಹುಡುಕಿಸಿದ. ಹೊಟ್ಟೆನೋವಿಗೆ ಚಪ್ಪಲಿ ಹೊಲಿಸಿದ ಹಾಗೆ. ಏನೂ ಆಗದಿದ್ದಾಗ ಗಂಭೀರವಾಗಿ ಹೇಳಿದ, “ಹನೀಫ್ ಭಾಯಿ, ಇದು ದೋಷ ಅಲ್ಲ, ಸುರಕ್ಷತೆ. ಒಂದು ಚೀಟಿ ಬಂದಮೇಲೆ ಪ್ರೋಗ್ರಾಮು ಮುಚ್ಚಿ ಮತ್ತೆ ತೆಗೀರಿ. ಇನ್ನೊಂದು ಚೀಟಿ ಬರ್ತದೆ.”

“ಒಂದ್ಸಲ ತೆಗೆಯೋಕೆ ಎರಡು ನಿಮಿಷ. ಹಂಗಂದ್ರೆ ನಿಮ್ಮ ಸುರಕ್ಷತೆ ಮುಗಿಯೋದ್ರೊಳಗೆ ನಮ್ಮ ವ್ಯಾನು ನಂದೊಳ್ಳಿಗೆ ಹೋಗಿ ವಾಪಸ್ ಬಂದಿರ್ತದೆ” ಎಂದ ಹನೀಫ್.

ಮೂಲೆಯ ಮೇಜಿನಲ್ಲಿ ಹನೀಫನ ತಾಯಿ ರಹಿಮತ್ಬಿ ಕೂತಿದ್ದರು. ಮೂವತ್ತು ವರ್ಷ ಈ ಚೀಟಿಗಳನ್ನು ಕೈಯಲ್ಲೇ ಬರೆದವರು. “ಹೋದ ವಾರ ತೋರಿಸಿದಾಗ ಚೆಂದ ಓಡಿತ್ತಲ್ಲ ಮಗಾ” ಎಂದರು. “ಆವಾಗ ಒಂದೇ ಪಾರ್ಸೆಲ್ ಇತ್ತು.”

ಹೌದು, ಒಂದೇ ಇತ್ತು. ಯಾವತ್ತೂ ಒಂದೇ. ಮನೆಯಲ್ಲಿ, ಆಫೀಸಿನಲ್ಲಿ, ಸಂಘದ ಸಭೆಯಲ್ಲಿ ಉಲ್ಲಾಸ ನೂರಾರು ಸಲ ಪ್ರೋಗ್ರಾಮು ಓಡಿಸಿ ಚಪ್ಪಾಳೆ ತಟ್ಟಿಸಿಕೊಂಡದ್ದು ಒಂದೇ ಒಂದು ಪಾರ್ಸೆಲ್ಲಿನ ಪಟ್ಟಿಯ ಮೇಲೆ.

ರಕ್ಷಿತಾ ಲ್ಯಾಪ್‌ಟಾಪನ್ನು ಅವನ ಕಡೆ ತಿರುಗಿಸಿದಳು. ಮನ್ಮನೆ ಊರಿನ ಹುಡುಗಿ, ಮಾತು ಕಡಿಮೆ. “ಸರ್, ಡೇಟಾಬೇಸು ಪಟ್ಟಿಯಲ್ಲಿ ಎಲ್ಲಿವರೆಗೆ ಓದಿದ್ದೇವೆ ಅಂತ ಹಿಡ್ಕೊಂಡಿರ್ತದಲ್ಲ, ಅದೇ ಕರ್ಸರ್. ನೀವು ಪ್ರತಿ ಪಾರ್ಸೆಲ್ ಆದಕೂಡಲೇ ಕಮಿಟ್ ಹಾಕಿದ್ದೀರಿ, ಬರೆದದ್ದು ಪಕ್ಕಾ ಆಯ್ತು ಅಂತ. ಕಮಿಟ್ ಆದಕೂಡಲೇ ಅದು ಕರ್ಸರನ್ನೂ ಮುಚ್ಚಿಬಿಡ್ತದೆ. ಎರಡನೇದು ಓದೋದು ಎಲ್ಲಿಂದ?”

ಪ್ರತಿಯೊಂದಕ್ಕೂ ಕಮಿಟ್ ಹಾಕಿದ್ದು ಉಲ್ಲಾಸನ ಜೀವಮಾನದ ಹೆಮ್ಮೆ. ನಮ್ಮ ಕಡೆ ಕಾಗೆ ರೆಕ್ಕೆ ಬಡಿದರೂ ಕರೆಂಟು ಹೋಗುತ್ತದೆ. ಕರೆಂಟು ಹೋದರೂ ನನ್ನ ಪ್ರೋಗ್ರಾಮಿನ ಒಂದು ಅಕ್ಷರ ಅಳಿಸುವುದಿಲ್ಲ, ಯುಪಿಎಸ್ ಬ್ಯಾಟರಿಗೆ ದುಡ್ಡು ದಂಡ ಮಾಡಬೇಡಿ ಎಂದು ಅವನೇ ಹನೀಫನಿಗೆ ಹೇಳಿದ್ದ.

“ಅದು ನಂಗೆ ಬೆಳಿಗ್ಗೆನೇ ಗೊತ್ತಾಗಿತ್ತು” ಎಂದ ಉಲ್ಲಾಸ. “ನೀ ಕಂಡುಹಿಡೀತೀಯೋ ಇಲ್ಲವೋ ಅಂತ ನೋಡ್ತಿದ್ದೆ. ಕಮಿಟ್ಟನ್ನ ಎತ್ತಿ ಕೊನೆಗೆ ಹಾಕಿದ್ರೆ ಆಯ್ತು. ಅರವತ್ತೆರಡೂ ಮುಗಿದ ಮೇಲೆ ಒಂದೇ ಸಲ.”

“ಬೇಡ ಸರ್. ನಡುವೆ ಕರೆಂಟು ಹೋದ್ರೆ ಅಷ್ಟೂ ಗುರುತು ಹೋಗ್ತದೆ. ಪಟ್ಟಿ ಪೂರ್ತಿ ಮೊದ್ಲೇ ಓದಿ ಬದಿಗಿಟ್ಕೊಂಡು, ಆಮೇಲೆ ಒಂದೊಂದೇ ಪಕ್ಕಾ ಮಾಡುವ. ಹತ್ತು ನಿಮಿಷದ ಕೆಲಸ.”

“ನಿಂಗೆ ಎಂತ ಗೊತ್ತು ಮಾರಾಯ್ತಿ. ಸುಮ್ನಿರು.”

ಗಂಟೆ ಹತ್ತೂವರೆ. ಉಲ್ಲಾಸ ಒಂದು ಸಾಲನ್ನು ಕೆಳಗಿಳಿಸಿ, ಬೆಟ್ಟ ಸರಿಸಿದವನಂತೆ ಕೈ ಕೊಡವಿಕೊಂಡು ಗುಂಡಿ ಒತ್ತಿದ. ಚೀಟಿಗಳು ಬರತೊಡಗಿದವು. ಎರಡು, ಹತ್ತು, ಇಪ್ಪತ್ತು. ಹಮಾಲರು ಅಂಟಿಸಿ ಅಂಟಿಸಿ ವ್ಯಾನಿಗೆ ಏರಿಸಿದರು. ಉಲ್ಲಾಸನ ಎದೆ ಎಷ್ಟು ಉಬ್ಬಿತೆಂದರೆ ಅಂಗಿಯ ಗುಂಡಿ ಹಾರಿ ಬನವಾಸಿ ರಸ್ತೆಯಲ್ಲಿ ದಾಸನಕೊಪ್ಪದವರಿಗೆ ಸಿಕ್ಕಿದ್ದರೂ ಆಶ್ಚರ್ಯವಿರಲಿಲ್ಲ.

ನಲವತ್ತೊಂದನೆಯ ಚೀಟಿಗೆ ಕರೆಂಟು ಹೋಯಿತು.

ನಾಲ್ಕು ನಿಮಿಷಕ್ಕೆ ವಾಪಸು ಬಂತು. ಪಟ್ಟಿ ತೆಗೆದರೆ ಮೊದಲನೆಯದೊಂದು ಬಿಟ್ಟು ಯಾವ ಪಾರ್ಸೆಲ್ಲಿಗೂ ‘ವ್ಯಾನಿಗೆ ಏರಿತು’ ಎಂಬ ಗುರುತಿಲ್ಲ. ಉಲ್ಲಾಸ ಕಣ್ಣುಮುಚ್ಚಿ ಮತ್ತೆ ಗುಂಡಿ ಒತ್ತಿದ. ಪ್ರೋಗ್ರಾಮು ಮತ್ತೆ ಎರಡನೆಯ ಪಾರ್ಸೆಲ್ಲಿನಿಂದ ಹೊಸ ನಂಬರು ಕೊಡುತ್ತ ಹೊರಟಿತು. ವ್ಯಾನಿನಲ್ಲಿದ್ದ ಚೀಟಿಗೂ ಕೈಯಲ್ಲಿದ್ದ ಚೀಟಿಗೂ ಸಂಬಂಧವೇ ಇಲ್ಲ.

“ನಿಲ್ಲಿಸ್ರಿ ಅದನ್ನ” ಎಂದರು ರಹಿಮತ್ಬಿ. ನೋಟುಬುಕ್ಕು ತೆಗೆದರು, ವ್ಯಾನಿನ ಬಾಗಿಲಲ್ಲಿ ಸ್ಟೂಲು ಹಾಕಿ ಕೂತರು, ಹಳೆಯ ಚೀಟಿ ಕಿತ್ತೆಸೆದು ಕೈಬರಹದ್ದು ಅಂಟಿಸಿದರು. ಹನ್ನೊಂದೂ ಐದಕ್ಕೆ ವ್ಯಾನು ಹೊರಟೇಹೋಯಿತು, ಉಲ್ಲಾಸನ ಒಂದು ಚೀಟಿಯೂ ಇಲ್ಲದೆ.

ಅಷ್ಟರಲ್ಲಿ ರಕ್ಷಿತಾ ತನ್ನ ಲ್ಯಾಪ್‌ಟಾಪಿನಲ್ಲಿ ತಾನು ಹೇಳಿದ್ದನ್ನು ಬರೆದು ಮುಗಿಸಿದ್ದಳು. “ಹನೀಫಣ್ಣ, ಒಂದ್ಸಲ ನೋಡ್ತೀರಾ?”

ಅದೇ ಅರವತ್ತೆರಡರ ಪಟ್ಟಿ, ಅದೇ ಪ್ರಿಂಟರು. ಇಪ್ಪತ್ತೆರಡು ಚೀಟಿ ಬರುವಷ್ಟರಲ್ಲಿ ಹನೀಫ್ ಎದ್ದುಹೋಗಿ ಮೇನ್ ಸ್ವಿಚ್ಚು ಕೆಳಗೆಳೆದ. ಪ್ರಿಂಟರು ನಿಂತಿತು. ಅವಳ ಲ್ಯಾಪ್‌ಟಾಪನ್ನೂ ಗುಂಡಿ ಅದುಮಿ ಆರಿಸಿಬಿಟ್ಟ. ಮತ್ತೆ ಎಲ್ಲ ಹೊತ್ತಿಸಿದಾಗ ಪ್ರೋಗ್ರಾಮು ಇಪ್ಪತ್ತಮೂರನೆಯದರಿಂದ ಮುಂದುವರಿಯಿತು. ಅರವತ್ತೆರಡಕ್ಕೆ ನಿಂತಿತು.

“ಗುರುವಾರ ಸಂಘದ ಮೀಟಿಂಗ್ ಇದೆ ಮಗಳೇ. ಬಂದು ತೋರಿಸು” ಎಂದ ಹನೀಫ್.

“ಅವಳು ನನ್ನ ಕೆಲಸದವಳು ಭಾಯಿ” ಎಂದ ಉಲ್ಲಾಸ.

“ಹನ್ನೊಂದು ಗಂಟೆವರೆಗೆ ಇದ್ದೆ ಸರ್” ಎಂದಳು ರಕ್ಷಿತಾ, ತಲೆ ಎತ್ತದೆ. “ಇದು ನಾನು ಮೊದ್ಲಿಂದ ಬರೆದದ್ದು. ನಿಮ್ದು ನಿಮ್ಮ ಕಂಪ್ಯೂಟರಲ್ಲೇ ಇದೆ.”

ಕಂಪ್ಯೂಟರು, ಪ್ರಿಂಟರು ಎರಡೂ ಉಲ್ಲಾಸನವು. ಒಂದರ ಮೇಲೊಂದು ಹೇರಿಕೊಂಡು ಎದ್ದ. ಬಾಗಿಲು ಒಳಕ್ಕೆ ಎಳೆಯುವಂಥದ್ದು, ಅವನ ಎರಡೂ ಕೈ ತುಂಬಿತ್ತು. ಮೊಣಕೈಯಲ್ಲಿ ಪ್ರಯತ್ನಿಸಿದ, ಕಾಲಲ್ಲಿ ಪ್ರಯತ್ನಿಸಿದ, ಗಲ್ಲದಲ್ಲಿಯೂ ಪ್ರಯತ್ನಿಸಿದ. ಕೊನೆಗೆ ರಹಿಮತ್ಬಿ ಪೆನ್ನು ಕೆಳಗಿಟ್ಟು ಎದ್ದು ಬಂದು ಬಾಗಿಲು ತೆಗೆದರು.

“ಮೆಟ್ಟಿಲು ನೋಡ್ಕೊಂಡು ಹೋಗಪ್ಪ” ಎಂದರು.