ತರಗತಿಯ ಟಿವಿ, ಟೀಚರ ಫೋನು

ರಾತ್ರಿ ಹನ್ನೊಂದೂವರೆಗೆ ದಿಂಬಿನ ಪಕ್ಕದಲ್ಲಿದ್ದ ಫೋನು ‘ಟಿಣ್’ ಎಂದಿತು. ಪುಷ್ಪಾವತಿ ಟೀಚರ್ ಎದ್ದು ಕುಳಿತು ಕನ್ನಡಕ ಹುಡುಕಿದರು. ಶಾಲೆಯ ಗುಂಪಿನಲ್ಲಿ ಹೆಡ್‌ಮಾಸ್ಟರ ಸಂದೇಶ ಬಂದಿತ್ತು. ‘ದಾನಿಗಳು ಕೊಟ್ಟ ಸ್ಮಾರ್ಟ್ ಟಿವಿಯನ್ನು ನಾಲ್ಕನೇ ತರಗತಿಯಲ್ಲಿ ಹಾಕಲಾಗಿದೆ. ನಾಳೆಯಿಂದಲೇ ಇಂಟರ್ನೆಟ್ ಬಳಸಿ ಪಾಠ ಮಾಡತಕ್ಕದ್ದು.’

ಮಾಡತಕ್ಕದ್ದು, ಸರಿ. ಹೇಗೆ ಎಂದು ಅದರಲ್ಲಿ ಬರೆದಿರಲಿಲ್ಲ. ನಾಲ್ಕನೇ ತರಗತಿ ಪುಷ್ಪಾವತಿಯವರದೇ. ಆಮೇಲೆ ನಿದ್ದೆ ಹತ್ತಲಿಲ್ಲ.

ಬೆಳಿಗ್ಗೆ ಮಗ ಸಮಿತ್ ಮಹಾಪೆಯ ಆಫೀಸಿಗೆ ಹೊರಟು ಡೊಂಬಿವಿಲಿಯ ಮನೆಯ ಬಾಗಿಲಲ್ಲಿ ಶೂ ಹಾಕುತ್ತಿದ್ದ. ಅವನಲ್ಲೇ ಕೇಳಿದರು.

“ಮಮ್ಮಿ, ಏಕ್‌ದಮ್ ಸಿಂಪಲ್. ಇದನ್ನು ಒತ್ತು. ಫೋನ್‌ನಲ್ಲಿ ಏನು ಕಾಣ್ತದೋ ಟಿವಿ ಪೇ ವಹೀ ದಿಖೇಗಾ. ಬಸ್.”

ಮಗ ಲೋಕಲ್ ಹಿಡಿಯಲು ಓಡಿದ. ಏನು ಕಂಡರೂ ಟಿವಿಯಲ್ಲಿ ಕಾಣುತ್ತದೆ ಎಂಬ ಮಾತಿನ ತೂಕ ಆಗ ಪುಷ್ಪಾವತಿಯವರಿಗೆ ತಿಳಿಯಲಿಲ್ಲ.

ಶಾಲೆ ಇರುವುದು ಠಾಣೆಯ ವಾಗ್ಳೆ ಎಸ್ಟೇಟಿನಲ್ಲಿ. ಕನ್ನಡ ಮಾಧ್ಯಮದ ಚಿಕ್ಕ ಶಾಲೆ. ಪುಷ್ಪಾವತಿ ಅಲ್ಲಿ ಇಪ್ಪತ್ತೆಂಟು ವರ್ಷದಿಂದ ಕಲಿಸುತ್ತಿದ್ದಾರೆ. ಅವರ ತರಗತಿಯಲ್ಲಿ ಒಂದು ಪದ್ಧತಿ ಉಂಟು. ಹಲಗೆಯ ಮೇಲೆ ಏನು ಬಂದರೂ ಮಕ್ಕಳೆಲ್ಲ ಒಟ್ಟಿಗೆ ದೊಡ್ಡ ದನಿಯಲ್ಲಿ ಓದಬೇಕು. ಮನೆಯ ಹೊರಗೆ ಹಿಂದಿ, ಮರಾಠಿ ಮಾತಾಡುವ ಮಕ್ಕಳ ನಾಲಿಗೆಗೆ ಕನ್ನಡ ಒಗ್ಗಿದ್ದು ಹಾಗೆಯೇ.

ಅಂದು ಬೀಜ ಮೊಳೆಯುವ ವೀಡಿಯೊ ಹಾಕಿದರು. ಮಕ್ಕಳು ಬಾಯಿ ತೆರೆದು ನೋಡುತ್ತಿದ್ದರು. ಆಗ ಟಿವಿಯ ಮೇಲ್ಭಾಗದಲ್ಲಿ ಒಂದು ಪಟ್ಟಿ ಇಳಿಯಿತು. ಚಂದವ್ವನ ಫೋನಿನಿಂದ ಬಂದ ಸಂದೇಶ ಅದು. ಅವಳ ಮಗಳು ಭಾಗ್ಯಾ ಎರಡನೇ ಬೆಂಚಿನಲ್ಲಿ ಕುಳಿತಿದ್ದಳು. ಶಾಲೆಯಿಂದ ಹೋಗಿ ರಾತ್ರಿ ತಂಗುವ ಶಿಬಿರಕ್ಕೆ ಅವಳನ್ನು ಯಾಕೆ ಕಳಿಸುವುದಿಲ್ಲವೆಂದು ಟೀಚರೇ ಎರಡು ದಿನದಿಂದ ಕೇಳುತ್ತಿದ್ದರು. ಚಂದವ್ವನಿಗೆ ಬರೆಯಲು ಬಾರದು, ದೊಡ್ಡ ಮಗ ಸುನಿಲನ ಕೈಯಿಂದ ಉತ್ತರ ಬರೆಸಿದ್ದಳು.

ಟೀಚರ್ ಗಾಬರಿಯಿಂದ ಪಟ್ಟಿಯನ್ನು ಸರಿಸಲು ಬೆರಳಿಟ್ಟರು. ಅದು ಸರಿಯುವ ಬದಲು ತೆರೆದು ಟಿವಿಯ ತುಂಬ ಹರಡಿತು. ಮಕ್ಕಳು ಅಭ್ಯಾಸದಂತೆ ಓದತೊಡಗಿದರು.

“ಟೀಚರ್... ನಮ್ಮ... ಭಾಗ್ಯಾ... ಇನ್ನೂ... ರಾತ್ರಿ... ಹಾಸಿಗೆ...”

ಪುಷ್ಪಾವತಿ ಟಿವಿಯ ಮುಂದೆ ಸೆರಗು ಹರಡಿ ನಿಂತರು. ರಿಮೋಟ್ ಹೆಡ್‌ಮಾಸ್ಟರ ಕಪಾಟಿನಲ್ಲಿತ್ತು. ಕೊನೆಗೆ ವೈರನ್ನೇ ಕಿತ್ತರು. ಅಷ್ಟರಲ್ಲಿ ಹಿಂದಿನ ಬೆಂಚಿನಲ್ಲಿ ನಗು ಶುರುವಾಗಿತ್ತು. ಭಾಗ್ಯಾ ತಲೆ ಎತ್ತಲೇ ಇಲ್ಲ.

ಮರುದಿನ ಅವಳು ಬರಲಿಲ್ಲ. ಮೂರನೆಯ ದಿನವೂ ಬರಲಿಲ್ಲ. ಪುಷ್ಪಾವತಿ ಹಾಜರಿ ಕರೆಯುವಾಗ ಆ ಹೆಸರಿನ ಬಳಿ ದನಿ ತಗ್ಗಿಸುತ್ತಿದ್ದರು. ಹೊರಗೆ ಹೆಜ್ಜೆ ಸಪ್ಪಳವಾದರೆ ಬಾಗಿಲ ಕಡೆ ನೋಡುತ್ತಿದ್ದರು.

ಸಂಜೆ ಠಾಣೆ ಸ್ಟೇಷನ್ನಿನಲ್ಲಿ ಒಂದನೇ ತರಗತಿಯ ಜ್ಯೋತ್ಸ್ನಾ ಟೀಚರ್ ಜೊತೆಗಿದ್ದರು. ಅವರು ವಾಶಿಯಲ್ಲಿ ನಡೆಯುವ ಶನಿವಾರದ ತರಬೇತಿಗೆ ಹೋಗಿ ಇದನ್ನೆಲ್ಲ ಕಲಿತವರು.

“ನನಗೆ ಆ ಟಿವಿ ಬೇಡ ಮಾರಾಯ್ತಿ,” ಎಂದರು ಪುಷ್ಪಾವತಿ. “ಚಾಕ್ ಒಂದು ದಿನವೂ ಯಾರ ಮಾನವನ್ನೂ ತೆಗೆದದ್ದಿಲ್ಲ.”

“ಪುಷ್ಪಕ್ಕ, ತಪ್ಪು ಟಿವಿದಲ್ಲ. ನಿಮಗೆ ಯಾರೂ ಹೇಳಿಕೊಡ್ಲಿಲ್ಲ. ನೀವೂ ಕೇಳ್ಲಿಲ್ಲ.”

“ಕೇಳಿದ್ರೆ ನಗ್ತಾರೆ. ಐವತ್ತು ದಾಟಿತು ನನಗೆ.”

“ನಾನು ಮೊದಲ ಸಲ ವೀಡಿಯೊ ಹಾಕಿದಾಗ ನಡುವೆ ಬನಿಯನ್ ಜಾಹೀರಾತು ಬಂತು. ಮಕ್ಕಳು ವಾರವಿಡೀ ಅದೇ ಹಾಡು ಹೇಳಿದ್ರು, ಹೆಡ್‌ಮಾಸ್ಟರ ಎದುರಲ್ಲೂ. ನಗುದಾದ್ರೆ ನನ್ನನ್ನು ನೋಡಿ ಮೊದಲು ನಗ್ಬೇಕು.”

ಪುಷ್ಪಾವತಿ ನಕ್ಕರು, ಅರ್ಧಕ್ಕೇ ನಿಲ್ಲಿಸಿದರು. “ಆ ಹುಡುಗಿ ಶಾಲೆ ಬಿಟ್ಟರೆ ಏನು ಮಾಡುದು?”

“ಮೊದಲು ಅವಳ ಅಮ್ಮನ ಹತ್ರ ಹೋಗಿ. ನಾನೂ ಬರ್ತೇನೆ.”

ಇಬ್ಬರೂ ಅವಳ ಮನೆಗೆ ಹೋದಾಗ ಚಂದವ್ವ ಕಟ್ಟಡದ ಕೆಲಸ ಮುಗಿಸಿ ಆಗಷ್ಟೇ ಕೈಕಾಲು ತೊಳೆದಿದ್ದಳು. ಕಲಬುರಗಿ ಕಡೆಯವಳು. ಕೂರಲು ಚಾಪೆ ಹಾಸಿದಳು, ಮಾತು ಮಾತ್ರ ನೇರವಾಗಿ ಬಂತು.

“ನಿಮ್ಮ ಕಿವ್ಯಾಗ ಹೇಳೀನಿ ಅಂತ ತಿಳಕೊಂಡಿದ್ದೆ ಅಕ್ಕೋರೆ. ಇಡೀ ಕ್ಲಾಸಿನ ಕಿವ್ಯಾಗ ಬಿತ್ತಲ್ಲ.”

“ತಪ್ಪು ನನ್ನದು ಚಂದವ್ವ. ಗೊತ್ತಿಲ್ಲದೆ ನನ್ನ ಫೋನನ್ನೇ ಟಿವಿಗೆ ಹಚ್ಚಿದೆ.”

ಪರದೆಯ ಹಿಂದಿನಿಂದ ಭಾಗ್ಯಾ ಹೇಳಿದಳು, “ಮೈ ನಹೀ ಜಾಊಂಗಿ. ವೋ ಟಿವಿ ಹೈ ತೋ ನಹೀ.”

“ಹಾಗಾದರೆ ಟಿವಿಯನ್ನೇ ತೆಗೆಸ್ತೇನೆ,” ಎಂದರು ಪುಷ್ಪಾವತಿ.

“ತೆಗಸಬ್ಯಾಡ್ರಿ,” ಎಂದಳು ಚಂದವ್ವ. “ನಾ ಸಾಲಿ ಕಲೀಲಿಲ್ಲ, ಅದಕ್ಕ ಮಗಳ ಗುಟ್ಟು ಮಗನ ಕೈಲೆ ಬರಸಬೇಕಾತು. ನೀವು ಆ ಡಬ್ಬಿ ನಡಸೋದು ಕಲೀಲಿಲ್ಲ, ಹಿಂಗಾತು. ಇಬ್ಬರದೂ ಒಂದೇ ರೋಗ. ನೀವರೆ ಕಲೀರಿ. ಕಲ್ತಿಂದ ಹೇಳ್ರಿ, ನಾ ಬಂದು ಕುಂತು ನೋಡ್ತೀನಿ. ಆಮ್ಯಾಲ ಆಕಿನ್ನ ಕಳಸ್ತೀನಿ.”

ನಾಲ್ಕು ಸಂಜೆ ಶಾಲೆ ಬಿಟ್ಟ ಮೇಲೆ ಖಾಲಿ ತರಗತಿಯಲ್ಲಿ ಕಲಿಕೆ ನಡೆಯಿತು. ಜ್ಯೋತ್ಸ್ನಾ ಒಂದು ಸಲವೂ ತಾವೇ ಒತ್ತಿ ತೋರಿಸಲಿಲ್ಲ. “ನೀವೇ ಒತ್ತಿ ಪುಷ್ಪಕ್ಕ. ನಾನು ಒತ್ತಿದ್ರೆ ನನ್ನ ಬೆರಳು ಕಲಿತೀತು.”

ಸ್ವಂತ ಫೋನಿನ ಬದಲು ಶಾಲೆಯ ಟ್ಯಾಬನ್ನು ಟಿವಿಗೆ ಜೋಡಿಸಿದರು. ಅದರಲ್ಲಿ ಯಾರ ಮನೆಯ ಸಂದೇಶವೂ ಬರುವುದಿಲ್ಲ. ಫೋನೇ ಬೇಕಾದ ದಿನ ನೋಟಿಫಿಕೇಶನ್ ಬಂದ್ ಮಾಡುವುದನ್ನು ಕಲಿತರು. ಜ್ಯೋತ್ಸ್ನಾ ಕಾರಿಡಾರಿನಲ್ಲಿ ನಿಂತು ಏಳು ಸಂದೇಶ ಕಳಿಸಿ ಪರೀಕ್ಷಿಸಿದರು. ಟಿವಿಯಲ್ಲಿ ಒಂದೂ ಇಳಿಯಲಿಲ್ಲ. ವೀಡಿಯೊವನ್ನು ಮಕ್ಕಳಿಗಿಂತ ಮೊದಲು ತಾವು ಕೊನೆಯವರೆಗೆ ನೋಡಬೇಕು, ರಿಮೋಟ್ ಕಪಾಟಿನಲ್ಲಲ್ಲ, ಮೇಜಿನ ಮೇಲಿರಬೇಕು ಎಂಬುದನ್ನೂ ಪುಷ್ಪಾವತಿ ಬರೆದುಕೊಂಡರು. ಆದರೂ ಪ್ರತಿ ರಾತ್ರಿ ಏನೋ ಒಂದು ಬಿಟ್ಟುಹೋಗಿದೆ ಎನಿಸಿ ಎಚ್ಚರವಾಗುತ್ತಿತ್ತು.

ತರಗತಿಯ ಮಕ್ಕಳಿಗೂ ಹೇಳಿದರು. “ಅವತ್ತಿನ ತಪ್ಪು ನನ್ನದು. ಬೇರೆಯವರಿಗೆ ಬಂದ ಕಾಗದವನ್ನು ನಾವು ಓದುವುದಿಲ್ಲ. ಇನ್ನು ನಾನು ಕೈ ಎತ್ತಿದರೆ ಮಾತ್ರ ಓದಬೇಕು. ನಗುವವರು ನನ್ನನ್ನು ನೋಡಿ ನಗಿ.” ಯಾರೂ ನಗಲಿಲ್ಲ.

ಸೋಮವಾರ ಚಂದವ್ವ ಅರ್ಧ ದಿನದ ಕೆಲಸ ಬಿಟ್ಟು ಬಂದು ಕೊನೆಯ ಬೆಂಚಿನಲ್ಲಿ ಕುಳಿತಳು. ಅವಳ ತೋಳಿಗೆ ಅಂಟಿಕೊಂಡು ಭಾಗ್ಯಾ ಕುಳಿತಳು. ಪುಷ್ಪಾವತಿ ರಿಮೋಟನ್ನು ಮೇಜಿನ ಮೇಲೆ ಎದುರಿಗೇ ಇಟ್ಟುಕೊಂಡರು. ಟಿವಿಯಲ್ಲಿ ನಕ್ಷೆ ತೆರೆಯಿತು. ಭೀಮಾ ನದಿ ಮಹಾರಾಷ್ಟ್ರದ ಬೆಟ್ಟದಲ್ಲಿ ಹುಟ್ಟಿ ಕಲಬುರಗಿಯ ಕಡೆ ಹರಿಯುವುದನ್ನು ಬೆರಳಿನಿಂದ ಸರಿಸುತ್ತ ತೋರಿಸಿದರು. ಹತ್ತು ನಿಮಿಷ, ಹದಿನೈದು ನಿಮಿಷ. ಬೇಡದ್ದೊಂದೂ ಬರಲಿಲ್ಲ.

“ಅಕ್ಕೋರೆ, ಇನ್ನೊಂಚೂರು ಕೆಳಗ ಸರಸ್ರಿ,” ಎಂದಿತು ಹಿಂದಿನಿಂದ ಚಂದವ್ವನ ದನಿ. “ನಮ್ಮೂರು ಅಲ್ಲೇ ಹೊಳಿ ದಂಡ್ಯಾಗ ಐತಿ.”

ಭಾಗ್ಯಾ ಎದ್ದು ಟಿವಿಯ ಹತ್ತಿರ ಹೋಗಿ ಊರು ಹುಡುಕತೊಡಗಿದಳು. ಅವಳ ಹಿಂದೆಯೇ ಇನ್ನಿಬ್ಬರು ಎದ್ದರು. “ಟೀಚರ್, ನಮ್ಮ ರಾಯಚೂರು ಕಿಧರ್ ಹೈ?”

ಚಂದವ್ವ ಮಧ್ಯಾಹ್ನ ಕೆಲಸಕ್ಕೆ ಹೋದಳು. ಭಾಗ್ಯಾ ಸಂಜೆಯವರೆಗೆ ಇದ್ದಳು. ಮರುದಿನ ಒಬ್ಬಳೇ ಬಂದಳು.

ಶಿಕ್ಷಕ ಮಿತ್ರರೇ, ನಿಮ್ಮ ಶಾಲೆಗೂ ಟಿವಿ ಬಂದಿರಬಹುದು, ನಾಳೆ ಬರಬಹುದು. ಹೆದರಿ ಅದಕ್ಕೆ ಬಟ್ಟೆ ಮುಚ್ಚಬೇಡಿ, ತಿಳಿಯದೆ ಗುಂಡಿಯನ್ನೂ ಒತ್ತಬೇಡಿ. ಪಕ್ಕದ ತರಗತಿಯವರನ್ನು ಕೇಳಿ, ಅವರು ನಿಮಗಿಂತ ಚಿಕ್ಕವರಾದರೂ ಕೇಳಿ. ಖಾಲಿ ತರಗತಿಯಲ್ಲಿ ನಿಮ್ಮ ಕೈಯಿಂದಲೇ ಅಭ್ಯಾಸ ಮಾಡಿ. ಮುಖ್ಯೋಪಾಧ್ಯಾಯರೇ, ಯಂತ್ರದ ಜೊತೆ ತರಬೇತಿಯನ್ನೂ ಕೊಡಿಸಿ. ತಪ್ಪಾದರೆ ಬಚ್ಚಿಡದೆ ಹೇಳಿಕೊಳ್ಳಿ, ಇನ್ನೊಬ್ಬರು ಅದೇ ತಪ್ಪು ಮಾಡದಿರಲಿ. ಆದರೆ ನಿಮ್ಮನ್ನು ನಂಬಿ ಬಂದ ಮಗುವಿನ ಮಾತು ನಿಮ್ಮಲ್ಲೇ ಉಳಿಯಲಿ.

ಮುಂದಿನ ಶನಿವಾರ ಪುಷ್ಪಾವತಿ ವಾಶಿಯ ತರಬೇತಿಗೆ ಹೋದರು. ನಲವತ್ತು ಶಿಕ್ಷಕರ ಮುಂದೆ ತಮ್ಮ ತಪ್ಪುಗಳನ್ನು ಒಂದೂ ಬಿಡದೆ ಹೇಳಿದರು. ಫೋನು, ಪಟ್ಟಿ, ಸೆರಗು, ಕಿತ್ತ ವೈರು. ಊಟದ ಹೊತ್ತಿಗೆ ಒಬ್ಬಾಕೆ ಪಕ್ಕಕ್ಕೆ ಬಂದು ಕುಳಿತರು.

“ಅಲ್ಲ ಟೀಚರ್, ಆ ಸಂದೇಶದಲ್ಲಿ ಅಂಥದ್ದೇನಿತ್ತು? ಯಾರ ಮಗು?”

ಪುಷ್ಪಾವತಿ ಸಾರಿನ ಬಟ್ಟಲನ್ನು ಅವರ ಕಡೆ ಸರಿಸಿದರು. ಈ ಪ್ರಶ್ನೆ ಇನ್ನೂ ಹಲವು ಕಡೆ ಬರುತ್ತದೆ, ಮನೆಯಲ್ಲೂ ಬರುತ್ತದೆ. ಅದರ ಉತ್ತರವೊಂದನ್ನು ಮಾತ್ರ ಯಾರಿಗೂ ಹೇಳುವುದಿಲ್ಲ ಎಂದು ಅವರು ಆಗಲೇ ನಿಶ್ಚಯಿಸಿದರು.