ಯಾವ ಮೂರು ಗಂಟೆ

ಇದರಲ್ಲಿ ಒಂದಕ್ಷರ ಸುಳ್ಳಿದ್ದರೂ ನನ್ನ ಬಲೆಗೆ ಈ ಜನ್ಮದಲ್ಲಿ ಮೀನು ಬೀಳದಿರಲಿ: ಆಸ್ಮುಂಡ್ ಎದ್ದಾಗ ಗಡಿಯಾರದಲ್ಲಿ ಮೂರಾಗಲು ಹತ್ತು ನಿಮಿಷವಿತ್ತು. ಹಗಲಿನ ಮೂರೋ ರಾತ್ರಿಯ ಮೂರೋ ಅವನಿಗೆ ತಿಳಿಯಲಿಲ್ಲ.

ಕಿಟಕಿಯಾಚೆ ಬೆಳಕು. ಅದನ್ನೇನು ನಂಬುವುದು? ನಾರ್ವೆಯ ನೆತ್ತಿಯ ಮೇಲಿನ ಈ ದ್ವೀಪದಲ್ಲಿ ಮೇ ತಿಂಗಳಿಂದ ಅದು ಬಂದ ನೆಂಟನ ಹಾಗೆ ರಾತ್ರಿಯೂ ಹೋಗದೆ ಬಿದ್ದುಕೊಂಡಿದೆ. ಸೂರ್ಯನನ್ನು ನೋಡೋಣವೆಂದರೆ ಸಮುದ್ರದ ಮಂಜು ಊರನ್ನೇ ನುಂಗಿತ್ತು. ಎರಡು ದಿನ ನಿದ್ದೆಗೆಟ್ಟು, ಬೆಳಿಗ್ಗೆ ಹತ್ತಕ್ಕೆ ಒಂದು ಗಳಿಗೆ ಅಡ್ಡಾಗಿದ್ದ. ಮಲಗಿದ್ದು ಐದು ತಾಸೋ, ಹದಿನೇಳೋ?

ಐದಾದರೆ ಬದುಕಿದ. ಆ ದಿನ ಮಧ್ಯಾಹ್ನ ಮೂರರ ಹಡಗಿಗೆ ತೊರುನ್ ದಕ್ಷಿಣಕ್ಕೆ ಹೊರಡುವವಳಿದ್ದಳು. ಹನ್ನೊಂದು ಚಳಿಗಾಲದ ಕತ್ತಲನ್ನು ಅವನೊಡನೆ ಒಂದೇ ದೀಪದಡಿ ಕಳೆದ ಹೆಂಡತಿ ಹೇಳಿದ್ದು ಇಷ್ಟೇ: "ಹೋಗ್ಬೇಡ ಅನ್ನೋದಿದ್ರೆ ಹಡಗುಕಟ್ಟೆಗೆ ಬಂದು ಬಾಯಿಬಿಟ್ಟು ಹೇಳು. ಚೀಟಿ ಬರೀಬೇಡ."

ಟೈ ಕಟ್ಟಿಕೊಂಡು ಓಡಿದ.

ದಾರಿಯಲ್ಲಿ ಒಬ್ಬಳು ಹುಲ್ಲು ಕತ್ತರಿಸುತ್ತಿದ್ದಳು. ಮಕ್ಕಳು ಚೆಂಡಾಡುತ್ತಿದ್ದರು. ಇದರಿಂದಲೂ ಏನೂ ಗೊತ್ತಾಗುವಂತಿರಲಿಲ್ಲ. ಚಳಿಗಾಲವಿಡೀ ಆಕಳಿಸಿದ ಊರು ಬೇಸಿಗೆಯಲ್ಲಿ ಮಲಗುವುದನ್ನು ಪಾಪವೆಂದೇ ತಿಳಿಯುತ್ತದೆ.

ಕೇಳಬಹುದಿತ್ತು. ಆದರೆ ಕಿತ್ತಳೆಹಣ್ಣು, ಮೇಣದಬತ್ತಿ ಹಿಡಿದು ಇಡೀ ಊರಿಗೆ ಹಗಲು-ರಾತ್ರಿ ಕಲಿಸಿದ ಭೂಗೋಳದ ಮೇಷ್ಟ್ರು, ಈಗ ಹಗಲೇನಮ್ಮಾ ಎಂದು ಕೇಳುವುದು ಹೇಗೆ?

ಕಟ್ಟೆಯ ಮೇಲೆ ಮುದುಕ ಹಾಲ್ವರ್ದ್ ದೋಣಿಗೆ ಬಣ್ಣ ಬಳಿಯುತ್ತಿದ್ದ. ಹಡಗಿರಲಿಲ್ಲ, ತೊರುನ್ ಕೂಡ ಕಾಣಲಿಲ್ಲ. ಹಡಗು ಹೋಗಿದೆಯೋ, ಮಂಜಿನಿಂದ ತಡವಾಗಿ ಅವಳು ಎಲ್ಲಾದರೂ ಒಳಗೆ ಕೂತಿದ್ದಾಳೋ.

"ಊಟ ಆಯ್ತಾ, ಹಾಲ್ವರ್ದಣ್ಣ?" ಆಸ್ಮುಂಡ್ ಉಪಾಯ ಹೂಡಿದ.

"ಹಸಿವಾದಾಗ ಆಯ್ತು."

"ಯಾವಾಗ ಹಸಿವಾಯ್ತು?"

"ಊಟಕ್ಕೆ ಮುಂಚೆ." ಮುದುಕ ಕುಂಚ ಅದ್ದಿದ. "ಟೈ ಯಾಕೆ ಮೇಷ್ಟ್ರೇ? ಯಾರಾದ್ರೂ ಹೋಗ್ಬಿಟ್ರಾ?"

"ಇಲ್ಲ. ಸುಮ್ನೆ, ಗಾಳಿ ತಗೊಳ್ಳೋಣ ಅಂತ."

"ಗಾಳೀನೇ ಇಲ್ವಲ್ಲ."

ಇಬ್ಬರೂ ಸ್ವಲ್ಪ ಹೊತ್ತು ಇಲ್ಲದ ಗಾಳಿಯನ್ನು ಸೇವಿಸಿದರು. ಆಮೇಲೆ ಹಾಲ್ವರ್ದ್ ಕುಂಚ ಕೆಳಗಿಟ್ಟು, ಕೈ ಒರೆಸಿಕೊಂಡು, "ಅಂದ ಹಾಗೆ, ನಿಮ್ಮ ತೊರುನ್—" ಎಂದು ಶುರುಮಾಡಿದ.

ಆಸ್ಮುಂಡ್ ನಡೆದುಬಿಟ್ಟ. ಕಿವಿ ಮುಚ್ಚಿಕೊಂಡು, ಮಾತು ತಲುಪದಷ್ಟು ದೂರ, ಕಟ್ಟೆಯ ತುದಿಯವರೆಗೂ.

ಅಲ್ಲಿ ಮಂಜು ಸರಿಯಿತು. ಮುಖಕ್ಕೆ ಬಿಸಿಲು ತಾಕಿತು. ಸೂರ್ಯ ಈಶಾನ್ಯದಲ್ಲಿದ್ದರೆ ರಾತ್ರಿ, ಅವಳು ಹೋಗಿಯಾಯಿತು. ನೈರುತ್ಯದಲ್ಲಿದ್ದರೆ ಹಗಲು, ಅವನು ಮಾತಾಡಲೇಬೇಕು.

ಕಣ್ಣು ಬಿಗಿಯಾಗಿ ಮುಚ್ಚಿಕೊಂಡ. ರೆಪ್ಪೆಯೊಳಗೂ ಕತ್ತಲಿರಲಿಲ್ಲ.